ಹೊಲ ನಮ್ಮದೆಂಬುದಕ್ಕೆ ಆಧಾರವೇನು?



ಅಕ್ಕಲಕೋಟೆ, ಸೊಲ್ಲಾಪುರ ಭಾಗದ ನಮ್ಮನ್ನು ಹೊಲ ಯಾರದೆಂದು ಕೇಳಿದರೆ ತಲಾಠಿ ಕೊಟ್ಟ ಸಾತಬಾರಾ ಉತಾರೆ ತೋರಿಸುತ್ತೇವೆ. ಅದು ಬೇಕಾದದ್ದೇ. ಆದರೆ ಹಿರಿಯರು ಕುಳಕಾಯಿದೆಯಿಂದ ಪಡೆದ ಹೊಲಕ್ಕೆ ಅದೊಂದೇ ಸಾಲದು.

ಅಕ್ಕಲಕೋಟೆ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮುಂಬಯಿ ಕುಳಕಾಯಿದೆಯೂ ಅದೇ ವರ್ಷದ್ದು. ಅದರ ತಿದ್ದುಪಡಿಯಂತೆ 1957ರ ಎಪ್ರಿಲ್ 1 'ಉಳುವವರ ದಿನ'ವಾಯಿತು. ಅಂದು ಹೊಲ ಉಳುತ್ತಿದ್ದ ಕುಳವು, ಕೆಲವು ಅಪವಾದ ಬಿಟ್ಟರೆ, ಅದನ್ನು ಕೊಂಡಂತೆಯೇ ಎಂದು ಕಾಯಿದೆ ಹೇಳಿತು.

ಆದರೆ ಬೆಲೆ ಕಟ್ಟಬೇಕಿತ್ತು. 32-ಗ ಕಲಮಿನಂತೆ ನ್ಯಾಯಾಧಿಕರಣವು ಬೆಲೆ ಗೊತ್ತುಪಡಿಸುತ್ತಿತ್ತು. ಸಾಮಾನ್ಯ ಕುಳಕ್ಕೆ ಅದು ಆಕಾರದ 20ರಿಂದ 200 ಪಟ್ಟು. ಹೊಲದ ಆಕಾರ 5 ರೂಪಾಯಿ ಎಂದುಕೊಳ್ಳೋಣ. ಬೆಲೆ 100ರಿಂದ 1000 ರೂಪಾಯಿಯೊಳಗೆ. ಕೊನೆಯ ಕಂತು ಸಂದ ಮೇಲೆ 32-ಮ ಪ್ರಮಾಣಪತ್ರ. ಖರೀದಿಗೆ ಈ ಪತ್ರವೇ ನಿರ್ಣಾಯಕ ಪುರಾವೆ.

ಸಾತಬಾರಾದ ಮಾತು ಬೇರೆ. 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ 157ನೆಯ ಕಲಮಿನಂತೆ, ಅದರಲ್ಲಿಯ ನೋಂದು ತಪ್ಪೆಂದು ಸಿದ್ಧವಾಗುವ ತನಕ ಖರೆ. ಎದುರಿನವನು ಪುರಾವೆ ತಂದರೆ ಅದು ಅಲುಗಾಡಬಹುದು. ಅಜ್ಜ ಬೆವರು ಸುರಿಸಿ ಕಂತು ಕಟ್ಟಿದ್ದು ನಿಜ. ಕಾಗದವಿಲ್ಲದ ಮೊಮ್ಮಗ ಅದನ್ನು ಹೇಗೆ ತೋರಿಸಬೇಕು?

ಆದ್ದರಿಂದ ನಾವು ಮಾಡಬೇಕಾದದ್ದು:

1. ಉತಾರೆಯಲ್ಲಿ ಕಬ್ಜೇದಾರನ ಹೆಸರನ್ನೂ 'ಇತರ ಹಕ್ಕು'ಗಳ ಅಂಕಣವನ್ನೂ ಓದಬೇಕು. ಮರಾಠಿ ಬಾರದಿದ್ದರೆ ಶಾಲೆಯ ಮಕ್ಕಳಿಂದ ಓದಿಸಿ ಕೇಳಬೇಕು.

2. ಅಲ್ಲಿಯ ಫೇರಫಾರ ಅಂಕಿ ಹಿಡಿದು ಗಾವ ನಮೂನೆ 6ರ ನಕಲು ತೆಗೆಯಬೇಕು. ಹೆಸರು ಯಾವ ಆಧಾರದಿಂದ ಏರಿತೆಂಬುದು ಅದರಲ್ಲಿದೆ.

3. 32-ಮ ಪತ್ರ ಮನೆಯಲ್ಲಿಲ್ಲದಿದ್ದರೆ ತಹಸೀಲ ಕಚೇರಿಯಲ್ಲಿ ನಕಲು ಕೇಳಬೇಕು. ಪತ್ರವೇ ಹೊರಟಿರದಿದ್ದರೆ, ಬೆಲೆ ಕಟ್ಟಿದ ಪಾವತಿಗಳನ್ನು ಕೂಡಿಸಿ ಅರ್ಜಿ ಕೊಡಬೇಕು.

4. ಹಿರಿಯರು ತೀರಿಕೊಂಡರೆ ವಾರಸರು 3 ತಿಂಗಳೊಳಗೆ ತಲಾಠಿಗೆ ತಿಳಿಸಬೇಕು.

ಮಾರುವವರು ಇನ್ನೊಂದು ಮಾತು ನೆನಪಿಡಬೇಕು. ಇಂಥ ಹೊಲಕ್ಕೆ 43ನೆಯ ಕಲಮಿನ ನಿರ್ಬಂಧವುಂಟು. 2014ರ ತಿದ್ದುಪಡಿಯಂತೆ, ಖರೀದಿಯಾಗಿ 10 ವರ್ಷ ಕಳೆದಿದ್ದರೆ ಆಕಾರದ 40 ಪಟ್ಟು ನಜರಾಣೆ ಕಟ್ಟಿ, ಉಳಿದ ಷರತ್ತು ಪಾಲಿಸಿ ಮಾರಬಹುದು. ಮೇಲಿನ ಹೊಲಕ್ಕೆ ಅದು 200 ರೂಪಾಯಿ ಮಾತ್ರ. ಇದನ್ನರಿಯದೆ ದಲಾಲಿಯ ಕೈಗೆ ಸಾವಿರಾರು ಕೊಡುವುದು ಬೇಡ.

ಬೀಜದ ಜೋಳವನ್ನು ನುಸಿ ತಾಗದಂತೆ ಕಾಯುವ ನಾವು ಈ ಕಾಗದವನ್ನೂ ಹಾಗೆಯೇ ಕಾಯೋಣ. ಹಿರಿಯರು ಬದುಕಿರುವಾಗಲೇ ಪೆಟ್ಟಿಗೆ ತೆರೆದು ನೋಡೋಣ.