ಹೊಸ ಯಂತ್ರದಲ್ಲಿ ಹಳೆಯ ಆಟ

ವಿಡಿಯೋ ಆಟಗಳನ್ನು ಕುರಿತು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಬರೆಯುವುದು ತಕ್ಕುದೇ ಎಂದು ಹಿರಿಯರು ಕೇಳಬಹುದು. ಆಟದ ಗುಣದೋಷಗಳ ವಿಚಾರವನ್ನು ನಾವಿಲ್ಲಿ ಎತ್ತಿಕೊಂಡಿಲ್ಲ. ಆಟದ ಯಂತ್ರಗಳ ವಿಷಯದಲ್ಲಿ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆಗೆ ಉತ್ತರವನ್ನು ಅರಸುವುದಷ್ಟೇ ನಮ್ಮ ಉದ್ದೇಶ. ಅಣ್ಣನ ಕಾಲದ ಆಟದ ಡಿಸ್ಕು ತಮ್ಮನ ಕಾಲದ ಯಂತ್ರದಲ್ಲಿ ಏಕೆ ನಡೆಯುವುದಿಲ್ಲ? ಹೊಸ ಯಂತ್ರವು ಹಳೆಯದಕ್ಕಿಂತ ಎಷ್ಟೋ ಪಾಲು ಬಲಶಾಲಿಯಾಗಿರುವಾಗ, ಹಳೆಯದು ಮಾಡುತ್ತಿದ್ದ ಕೆಲಸ ಅದಕ್ಕೆ ಅಸಾಧ್ಯವೆ?

ಆಟವೆಂಬುದು ಯಂತ್ರಕ್ಕೆ ಕೊಟ್ಟ ಆಜ್ಞೆಗಳ ದೀರ್ಘವಾದ ಮಾಲೆ. ಆ ಆಜ್ಞೆಗಳನ್ನು ಪಾಲಿಸುವ ಭಾಗಕ್ಕೆ ಪ್ರೊಸೆಸರ್ ಎಂದು ಹೆಸರು. ಒಂದೊಂದು ಜಾತಿಯ ಪ್ರೊಸೆಸರಿಗೂ ತನ್ನದೇ ಆದ ಆಜ್ಞಾಭಾಷೆಯುಂಟು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ನಮ್ಮಂಥವರ ಮನೆಯ ದೃಷ್ಟಾಂತವನ್ನೇ ತೆಗೆದುಕೊಳ್ಳೋಣ. ಧಾರವಾಡದಿಂದ ಅಜ್ಜಿ ಕನ್ನಡದಲ್ಲಿ ಬರೆದ ಕಾಗದವೊಂದು ನಗರದ ಮನೆಗೆ ಬಂತೆನ್ನಿ. ಆ ಮನೆಯ ಮಕ್ಕಳು ಕನ್ನಡ ಓದಲಾರರು. (ನಮ್ಮ ಶಾಲೆಯ ಮಕ್ಕಳಿಗೆ ಈ ಮಾತು ಅನ್ವಯಿಸುವುದಿಲ್ಲವೆಂದು ನಂಬಿದ್ದೇವೆ.) ಆಗ ಕನ್ನಡ ಬಲ್ಲ ಹಿರಿಯರೊಬ್ಬರು ಮನೆಯಲ್ಲೇ ಇರಬೇಕು, ಇಲ್ಲವೆ ದುಭಾಷಿಯೊಬ್ಬನು ಪಕ್ಕದಲ್ಲಿ ಕುಳಿತು ಸಾಲುಸಾಲಿಗೂ ಅರ್ಥ ಹೇಳಬೇಕು, ಅದೂ ಆಗದಿದ್ದರೆ ಯಾರಾದರೂ ಕಾಗದವನ್ನೇ ಬೇರೊಂದು ಭಾಷೆಯಲ್ಲಿ ಬರೆದುಕೊಡಬೇಕು. ಆಟದ ಯಂತ್ರಗಳನ್ನು ತಯಾರಿಸುವವರು ಈ ಮೂರು ಮಾರ್ಗಗಳನ್ನೂ ಹಿಡಿದಿದ್ದಾರೆ. ಮೂರನೆಯದು ಹಳೆಯ ಆಟವನ್ನು ಹೊಸ ಯಂತ್ರಕ್ಕೆಂದು ಮರಳಿ ರಚಿಸಿ ಸಾಮಾನ್ಯವಾಗಿ ಮತ್ತೊಮ್ಮೆ ಹಣ ಪಡೆದು ಮಾರುವ ಕ್ರಮ. ಕೈಯಲ್ಲಿರುವ ಡಿಸ್ಕಿಗೆ ಅದರಿಂದ ಗತಿ ದೊರೆಯದಾದುದರಿಂದ ಅದನ್ನು ಇಲ್ಲಿಗೇ ಬಿಡುತ್ತೇವೆ.

ಹಿರಿಯರನ್ನು ಮನೆಯಲ್ಲಿರಿಸಿಕೊಳ್ಳುವ ಮಾರ್ಗವೇ ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದುದು. ಜಪಾನಿನ ನಿಂಟೆಂಡೊ ಸಂಸ್ಥೆಯವರು 1989ರಲ್ಲಿ ಗೇಮ್ ಬಾಯ್ ಎಂಬ, ಕೈಯಲ್ಲಿ ಹಿಡಿದು ಆಡುವ ಯಂತ್ರವನ್ನು ಹೊರತಂದರು. 2001ರಲ್ಲಿ ಬಂದ ಗೇಮ್ ಬಾಯ್ ಅಡ್ವಾನ್ಸ್ ಯಂತ್ರದ ಮುಖ್ಯ ಪ್ರೊಸೆಸರು ಬೇರೆಯೇ ಜಾತಿಯದು. ಆದರೂ ಹಳೆಯ ಜಾತಿಯದೊಂದನ್ನು ಅದರೊಳಗೆ ಉಳಿಸಿಕೊಂಡಿದ್ದರು. ಹಳೆಯ ಆಟದ ಕಾರ್ಟ್ರಿಜಿಗೂ ಹೊಸದಕ್ಕೂ ಆಕಾರದಲ್ಲಿ ವ್ಯತ್ಯಾಸವಿತ್ತು. ಹಳೆಯದನ್ನು ಕಿಂಡಿಗೆ ಸೇರಿಸಿದೊಡನೆ ಒಳಗಿನ ಚಿಕ್ಕದೊಂದು ಸ್ವಿಚ್ಚು ಒತ್ತಿಕೊಳ್ಳುವುದು. ಕಾರ್ಟ್ರಿಜಿಗೆ ಹರಿಯುವ ವಿದ್ಯುತ್ತು 3.3 ವೋಲ್ಟಿನ ಬದಲು 5 ವೋಲ್ಟಿನದಾಗುವುದು. ಹಳೆಯ ಪ್ರೊಸೆಸರು ಕೆಲಸಕ್ಕೆ ತೊಡಗುವುದು. ಆಡುವ ಹುಡುಗನಿಗೆ ಇದಾವುದರ ಸುಳಿವೂ ಹತ್ತುತ್ತಿರಲಿಲ್ಲ. ಇಂತಹ ಯುಕ್ತಿಯನ್ನು ಕಂಡಾಗ ಯಂತ್ರ ರಚಿಸಿದವರನ್ನು ಮನಸಾರೆ ಮೆಚ್ಚಬೇಕೆನಿಸುತ್ತದೆ.

ಸೋನಿ ಸಂಸ್ಥೆಯವರೂ ಇದೇ ದಾರಿ ಹಿಡಿದರು. ಅವರ ಮೊದಲ ಪ್ಲೇಸ್ಟೇಷನ್ 1994ರಲ್ಲಿಯೂ ಎರಡನೆಯದು 2000ದಲ್ಲಿಯೂ ಜಪಾನಿನಲ್ಲಿ ಮಾರಾಟಕ್ಕೆ ಬಂದವು. ಎರಡನೆಯದರ ಆರಂಭದ ಮಾದರಿಗಳೊಳಗೆ ಮೊದಲಿನದರ ಪ್ರೊಸೆಸರನ್ನೇ ಇಟ್ಟು, ಹೊಸ ಆಟ ನಡೆಯುವಾಗ ಕೈಗುಂಡಿಗಳ ಸಂಕೇತಗಳನ್ನು ಸಾಗಿಸುವಂತಹ ಚಾಕರಿಯನ್ನು ಅದಕ್ಕೆ ವಹಿಸಿದ್ದರು. ಹಳೆಯ ಡಿಸ್ಕನ್ನು ಹಾಕಿದಾಗ ಮಾತ್ರ ಅದೇ ಮತ್ತೆ ಯಜಮಾನ.

ಆದರೆ ಹಿರಿಯರನ್ನು ಮನೆಯಲ್ಲಿರಿಸಿಕೊಳ್ಳಲು ಖರ್ಚು ತಗಲುತ್ತದೆ. 2006ರ ನವೆಂಬರಿನಲ್ಲಿ ಜಪಾನ್ ಮತ್ತು ಅಮೆರಿಕಗಳಲ್ಲಿ ಬಿಡುಗಡೆಯಾದ ಮೂರನೆಯ ಪ್ಲೇಸ್ಟೇಷನ್‌ನಲ್ಲಿ ಎರಡನೆಯದರ ಎರಡು ಮುಖ್ಯ ಚಿಪ್ಪುಗಳೂ ಇದ್ದುವು. ಅಮೆರಿಕದಲ್ಲಿ ಅದರ ಬೆಲೆ 499 ಮತ್ತು 599 ಡಾಲರು; ಜನರು ದುಬಾರಿಯೆಂದು ಗೊಣಗಿದರು. 2007ರ ಮಾರ್ಚಿನಲ್ಲಿ ಯೂರೋಪಿಗೆ ಬಂದ ಮಾದರಿಯಲ್ಲಿ ಎರಡು ಚಿಪ್ಪುಗಳ ಪೈಕಿ ಒಂದನ್ನು ತೆಗೆದಿದ್ದರು. ಅದೇ ವರ್ಷದ ಕೊನೆಗೆ ಅಮೆರಿಕದಲ್ಲಿ 399 ಡಾಲರಿಗೆ ಮಾರಿದ ಮಾದರಿಯಲ್ಲಿ ಎರಡೂ ಇರಲಿಲ್ಲ. ಎರಡನೆಯ ಪ್ಲೇಸ್ಟೇಷನ್‌ನ ಡಿಸ್ಕು ಅದರಲ್ಲಿ ನಡೆಯಲೇ ಇಲ್ಲ. ಹೀಗೆ ಒಂದೇ ಹೆಸರಿನ ಯಂತ್ರಗಳಲ್ಲಿ ಕೆಲವು ಹಳೆಯ ಆಟವನ್ನು ಬಲ್ಲವು, ಕೆಲವು ಅರಿಯವು. ಕೊಳ್ಳುವವರು ಅಗ್ಗದ ಬೆಲೆ ಬೇಡುತ್ತಿದ್ದರೆಂಬುದು ದಿಟ. ಆದರೂ ಅಲ್ಮೇರದ ತುಂಬ ಡಿಸ್ಕುಗಳನ್ನು ಕೂಡಿಸಿಟ್ಟವನಿಗೆ ಆದ ನಷ್ಟ ಯಾವ ಲೆಕ್ಕಪುಸ್ತಕದಲ್ಲೂ ಏರಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಇನ್ನು ದುಭಾಷಿಯ ಮಾರ್ಗ. ಹಳೆಯ ಯಂತ್ರದ ಆಜ್ಞೆಗಳನ್ನು ಓದಿ ಹೊಸ ಯಂತ್ರದ ಭಾಷೆಗೆ ತಿರುಗಿಸುತ್ತ ಹೋಗುವ ತಂತ್ರಾಂಶಕ್ಕೆ ಎಮ್ಯುಲೇಟರ್ ಎನ್ನುತ್ತಾರೆ. ಹಳೆಯದರ ಒಂದು ಆಜ್ಞೆಗೆ ಹೊಸದರ ಹಲವು ಆಜ್ಞೆಗಳು ಬೇಕಾಗುವುದರಿಂದ ಹೊಸ ಯಂತ್ರವು ಬಹಳ ವೇಗವುಳ್ಳದ್ದಾಗಿರಬೇಕು. ಮಾತುಗಳನ್ನು ತಿರುಗಿಸಿದರೆ ಸಾಲದು, ಮಾತಿನ ಲಯವನ್ನೂ ಕಾಯ್ದುಕೊಳ್ಳಬೇಕೆಂಬುದು ಇಲ್ಲಿನ ನಿಜವಾದ ಕಷ್ಟ. ಇದಕ್ಕೆ ಒಂದು ಸೊಗಸಾದ ಉದಾಹರಣೆಯುಂಟು.

ತೊಮೊಹಿರೊ ನಿಶಿಕಾಡೊ ಎಂಬ ಜಪಾನೀಯರು 1978ರಲ್ಲಿ ಸ್ಪೇಸ್ ಇನ್ವೇಡರ್ಸ್ ಎಂಬ ಆಟವನ್ನು ರಚಿಸಿದರು. ಅದು ನಾಣ್ಯ ಹಾಕಿ ಆಡುವ ಯಂತ್ರದ ಆಟ. ಪರದೆಯ ಮೇಲೆ ಐದು ಸಾಲುಗಳಲ್ಲಿ 55 ಶತ್ರುಗಳು ಕೆಳಕ್ಕೆ ಇಳಿದುಬರುತ್ತಾರೆ. ಆಡುವವನು ಕೆಳಗಿನಿಂದ ಗುಂಡು ಹಾರಿಸಬೇಕು. ಯಂತ್ರದ ಶಕ್ತಿ ಅಲ್ಪವಾದುದರಿಂದ, ಪರದೆಯ ಚಿತ್ರ ಹೊಸದಾಗಿ ಮೂಡಿದಾಗಲೆಲ್ಲ, ಅಂದರೆ ಸೆಕೆಂಡಿಗೆ ಸುಮಾರು 60 ಸಲ, ಒಬ್ಬ ಶತ್ರುವನ್ನಷ್ಟೇ ಅದು ಕದಲಿಸುತ್ತಿತ್ತು. 55 ಜನರ ಸರದಿ ಮುಗಿಯಲು ಸುಮಾರು ಒಂದು ಸೆಕೆಂಡು ಬೇಕು. ಶತ್ರುಗಳು ಸಾಯುತ್ತ ಬಂದಂತೆಲ್ಲ ಸರದಿ ಬೇಗಬೇಗನೆ ಬರುತ್ತದೆ. ಕಟ್ಟಕಡೆಗೆ ಉಳಿದ ಒಬ್ಬನು ಚಿಗರೆಯಂತೆ ಓಡುತ್ತಾನೆ. ಯಂತ್ರದ ಬಡತನದಿಂದ ಹುಟ್ಟಿದ ಈ ವೇಗವನ್ನು ನಿಶಿಕಾಡೊ ಅವರು ತಿದ್ದದೆ ಹಾಗೆಯೇ ಉಳಿಸಿಕೊಂಡರು. ಆಟದ ರುಚಿಯೆಲ್ಲ ಅದರಲ್ಲೇ ಇತ್ತು. ಈಗ ಯೋಚಿಸಿ: ಬಲಶಾಲಿಯಾದ ಹೊಸ ಯಂತ್ರವು ಐವತ್ತೈದು ಮಂದಿಯನ್ನೂ ಒಮ್ಮೆಗೇ ಕದಲಿಸಿಬಿಟ್ಟರೆ ಆ ಆಟ ಅದೇ ಆಟವಾಗಿ ಉಳಿದೀತೆ? ಆದುದರಿಂದ ಒಳ್ಳೆಯ ಎಮ್ಯುಲೇಟರು ಹಳೆಯ ಯಂತ್ರದ ಮಂದಗತಿಯನ್ನೂ, ಎಷ್ಟೋ ವೇಳೆ ಅದರ ತಪ್ಪುಗಳನ್ನೂ, ಶ್ರದ್ಧೆಯಿಂದ ಅನುಕರಿಸಬೇಕಾಗುತ್ತದೆ. 1980ರ ದಶಕದ ಕೆಲವು ಕಂಪ್ಯೂಟರುಗಳ ಮುಖದ ಮೇಲೆ ವೇಗವನ್ನು ತಗ್ಗಿಸಲೆಂದೇ ಒಂದು ಗುಂಡಿಯಿರುತ್ತಿತ್ತೆಂದರೆ ಈಗ ನಿಮಗೆ ಸೋಜಿಗವಾಗದು.

ದುಭಾಷಿಯ ಮಾರ್ಗವನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದವರು ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯವರು. 2005ರ ಎಕ್ಸ್‌ಬಾಕ್ಸ್ 360 ಯಂತ್ರಕ್ಕೂ 2013ರ ಎಕ್ಸ್‌ಬಾಕ್ಸ್ ಒನ್ ಯಂತ್ರಕ್ಕೂ ಪ್ರೊಸೆಸರಿನ ಭಾಷೆ ಬೇರೆ. ಆದರೂ 2015ರ ನವೆಂಬರಿನಲ್ಲಿ 104 ಹಳೆಯ ಆಟಗಳನ್ನು ಹೊಸ ಯಂತ್ರದಲ್ಲಿ ನಡೆಯುವಂತೆ ಮಾಡಿದರು. ಮುಂದೆ ಆ ಪಟ್ಟಿ ಬೆಳೆಯುತ್ತ ಹೋಯಿತು. ಹಳೆಯ ಡಿಸ್ಕನ್ನು ಹಾಕಿದರೆ ಯಂತ್ರವು ಅದನ್ನು ಒಡೆತನದ ಸಾಕ್ಷಿಯಾಗಿ ಮಾತ್ರ ಸ್ವೀಕರಿಸಿ, ಸಿದ್ಧಪಡಿಸಿಟ್ಟ ಆಟವನ್ನು ಇಂಟರ್‌ನೆಟ್ಟಿನ ಮೂಲಕ ತರಿಸಿಕೊಳ್ಳುತ್ತದೆ. 2021ರ ನವೆಂಬರಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಆಟಗಳನ್ನು ಸೇರಿಸಿ ಆ ಕೆಲಸವನ್ನು ನಿಲ್ಲಿಸಿದರು. ತಾಂತ್ರಿಕ ತೊಡಕುಗಳೊಡನೆ ಹಕ್ಕುಗಳ ತೊಡಕೂ ಅದಕ್ಕೆ ಕಾರಣವಾಗಿತ್ತು. ಆಟವೊಂದರಲ್ಲಿ ಯಾರದೋ ಹಾಡು, ಯಾವುದೋ ಕಾರಿನ ಹೆಸರು, ಆಟಗಾರನೊಬ್ಬನ ಮುಖಚಿತ್ರ ಇರಬಹುದು. ಅವನ್ನು ಬಳಸಲು ಕೊಟ್ಟ ಅನುಮತಿಗೆ ಅವಧಿಯಿರುತ್ತದೆ. ಆ ಅವಧಿ ತೀರಿದ ಬಳಿಕ ಎಂತಹ ಜಾಣ ದುಭಾಷಿಯಿದ್ದೂ ಫಲವಿಲ್ಲ.

ಇದೆಲ್ಲ ದೂರದೇಶದ ಮಾತೆಂದು ನೀವು ಎಣಿಸಬಾರದು. 2009ರಲ್ಲಿ ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ಎಂಬ ಸಂಸ್ಥೆಯವರು ಹನುಮಂತನ ಬಾಲ್ಯವನ್ನು ಕುರಿತ ‘ಹನುಮಾನ್: ಬಾಯ್ ವಾರಿಯರ್’ ಎಂಬ ಆಟವನ್ನು ಎರಡನೆಯ ಪ್ಲೇಸ್ಟೇಷನ್‌ಗಾಗಿ ರಚಿಸಿದರು. ಪೂರ್ಣವಾಗಿ ಭಾರತದಲ್ಲೇ ರೂಪುಗೊಂಡ ಮೊದಲ ಕನ್ಸೋಲ್ ಆಟವೆಂದು ಅದನ್ನು ಹೆಸರಿಸುತ್ತಾರೆ. ಅದು ಅಂಗಡಿಗೆ ಬರುವ ಹೊತ್ತಿಗೆ ಮೂರನೆಯ ಪ್ಲೇಸ್ಟೇಷನ್‌ನ ಹೊಸ ಮಾದರಿಗಳಿಂದ ಹಳೆಯ ಚಿಪ್ಪುಗಳು ಮಾಯವಾಗಿದ್ದುವು. 2013ರ ನಾಲ್ಕನೆಯ ಯಂತ್ರವಾಗಲಿ 2020ರ ಐದನೆಯದಾಗಲಿ ಆ ಡಿಸ್ಕನ್ನು ನಡೆಸಲಾರದು. ಐದನೆಯದು ನಾಲ್ಕನೆಯದರ ಆಟಗಳನ್ನು ಬಹುಪಾಲು ಆಡಿಸುತ್ತದೆ, ಅಷ್ಟೆ. ಆಟಗಳ ಚರಿತ್ರೆಯನ್ನು ಕಾಪಾಡುವ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2010ಕ್ಕೆ ಮುಂಚೆ ಆ ದೇಶದಲ್ಲಿ ಹೊರಬಂದ ಆಟಗಳ ಪೈಕಿ ನೂರಕ್ಕೆ 87 ಇಂದು ಮಾರಾಟದಲ್ಲಿ ದೊರೆಯುವುದಿಲ್ಲ.

ಆದುದರಿಂದ ಮನೆಯ ಅಟ್ಟದ ಮೇಲಿರುವ ಹಳೆಯ ಆಟದ ಯಂತ್ರವನ್ನು ರದ್ದಿಯವನಿಗೆ ಕೊಡುವ ಮುನ್ನ ಒಮ್ಮೆ ಕೆಳಗಿಳಿಸಿ ನೋಡಿರಿ. ಧೂಳು ಒರೆಸಿ, ತಂತಿಗಳು ಸರಿಯಿವೆಯೇ ಎಂದು ಹಿರಿಯರಿಂದ ಪರೀಕ್ಷೆ ಮಾಡಿಸಿ, ಮಾದರಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಅದರ ಜೊತೆಗಿದ್ದ ಮೆಮೊರಿ ಕಾರ್ಡು ಎಲ್ಲಿ ಹೋಯಿತೆಂದು ಅಣ್ಣನನ್ನು ಕೇಳುವುದನ್ನು ಮರೆಯಬೇಡಿ. ಅವನು ಅರ್ಧಕ್ಕೆ ನಿಲ್ಲಿಸಿದ ಆಟ ಅದರೊಳಗಿರುತ್ತದೆ.