ಉಮ್ರಾಕ್ಕೆ ಹೊರಡೋಣ, ಓದಿಕೊಂಡು ಹೊರಡೋಣ

ಮಕ್ಕಾ ನೋಡಬೇಕು. ಕಾಬಾದ ಎದುರು ನಿಂತು ದುವಾ ಕೇಳಬೇಕು. ನಮ್ಮಲ್ಲಿ ಈ ಆಸೆ ಇಲ್ಲದವರು ಯಾರಿದ್ದಾರೆ? ಬೀಡಿ ಕಟ್ಟುವವರಿಗೆ ಈ ಆಸೆ ಇದೆ. ಊದುಬತ್ತಿ ಹೊಸೆಯುವವರಿಗೆ ಇದೆ. ರೇಷ್ಮೆ ನೂಲು ತೆಗೆಯುವವರಿಗೆ, ಬಟ್ಟೆ ಹೊಲಿಯುವವರಿಗೆ ಇದೆ. ದಿನಕ್ಕೆ ಹತ್ತು, ಇಪ್ಪತ್ತು ರೂಪಾಯಿ ಎತ್ತಿಡುತ್ತೇವೆ. ಚೀಟಿ ಹಾಕುತ್ತೇವೆ. ವರ್ಷಗಟ್ಟಲೆ ಕಾದು ಹಣ ಕೂಡಿಸುತ್ತೇವೆ.

ಆಸೆಯ ಜೊತೆಗೆ ಅಂಜಿಕೆಯೂ ಇದೆ. "ಪರದೇಶ. ಗೊತ್ತಿಲ್ಲದ ಭಾಷೆ. ಜನಜಂಗುಳಿಯಲ್ಲಿ ತಪ್ಪಿಸಿಕೊಂಡರೆ ಏನು ಗತಿ?" ಹೀಗೆ ಅಂಜಿ ನಾವು ಎಲ್ಲವನ್ನೂ ಬೇರೆಯವರ ಕೈಗೆ ಕೊಟ್ಟುಬಿಡುತ್ತೇವೆ. ಹಣ ಅವರ ಹತ್ತಿರ. ಕಾಗದ ಅವರ ಹತ್ತಿರ. ಇಳಿದುಕೊಳ್ಳುವ ಜಾಗದ ಹೆಸರೂ ಅವರಿಗೇ ಗೊತ್ತು.

ಈಗ ನಮಗೆ ಅಕ್ಷರ ಬಂದಿದೆ. ಅಂಕಿ ಬಂದಿದೆ. ಮನೆಯಲ್ಲಿ ಉರ್ದು ಆಡಲಿ, ಬ್ಯಾರಿ ಆಡಲಿ, ನವಾಯತಿ ಆಡಲಿ, ಕನ್ನಡ ಓದಲು ಕಲಿತಿದ್ದೇವೆ. ಹಾಗಾದರೆ ನಮ್ಮ ಯಾತ್ರೆಯನ್ನು ನಾವೇ ತಿಳಿದು ಮಾಡಬಹುದಲ್ಲ?

ಉಮ್ರಾ ಅಂದರೇನು?

ಹಜ್ ಬೇರೆ, ಉಮ್ರಾ ಬೇರೆ. ಹಜ್ ಯಾತ್ರೆಗೆ ಗೊತ್ತಾದ ದಿನಗಳಿವೆ. ಅದು ಜುಲ್‌ಹಜ್ ತಿಂಗಳಲ್ಲಿ ನಡೆಯುತ್ತದೆ. ಶಕ್ತಿ ಇದ್ದವರಿಗೆ ಬಾಳಿನಲ್ಲಿ ಒಂದು ಸಲ ಹಜ್ ಕಡ್ಡಾಯ. ಉಮ್ರಾವನ್ನು ವರ್ಷದ ಬೇರೆ ದಿನಗಳಲ್ಲೂ ಮಾಡಬಹುದು. ಉಮ್ರಾ ಮಾಡಿದರೆ ಹಜ್ ಮುಗಿದ ಹಾಗೆ ಆಗುವುದಿಲ್ಲ.

ಉಮ್ರಾದಲ್ಲಿ ಮುಖ್ಯವಾಗಿ ನಾಲ್ಕು ಕೆಲಸ. ಒಂದು, ಇಹ್ರಾಮ್. ಅಂದರೆ ನಿಯ್ಯತ್ ಮಾಡಿ ಕಟ್ಟುಪಾಡಿಗೆ ಒಳಗಾಗುವುದು. ಎರಡು, ತವಾಫ್. ಅಂದರೆ ಕಾಬಾದ ಸುತ್ತ ಏಳು ಸುತ್ತು ಬರುವುದು. ಮೂರು, ಸಯೀ. ಅಂದರೆ ಸಫಾ, ಮರ್ವಾ ಎಂಬ ಎರಡು ಗುಡ್ಡಗಳ ನಡುವೆ ಏಳು ಸಲ ನಡೆಯುವುದು. ನಾಲ್ಕು, ಕೂದಲು ಕತ್ತರಿಸುವುದು. ಗಂಡಸರು ತಲೆ ಬೋಳಿಸುತ್ತಾರೆ, ಇಲ್ಲವೆ ಕೂದಲು ಕತ್ತರಿಸುತ್ತಾರೆ. ಹೆಂಗಸರು ತಲೆ ಬೋಳಿಸುವಂತಿಲ್ಲ. ಕೂದಲ ತುದಿಯನ್ನು ಬೆರಳ ಗೆಣ್ಣಿನಷ್ಟು ಕತ್ತರಿಸಿದರೆ ಸಾಕು.

ಸಯೀ ಹೇಗೆ ಬಂತು ಗೊತ್ತೆ? ಅದು ಒಬ್ಬ ತಾಯಿಯ ಓಟ. ಇಬ್ರಾಹಿಂ ಪೈಗಂಬರರ ಮಡದಿ ಹಾಜಿರಾ. ಕೈಗೂಸು ಇಸ್ಮಾಯಿಲ್. ಸುತ್ತ ಮರಳು, ಬೆಟ್ಟ. ಕೂಸಿಗೆ ಬಾಯಾರಿಕೆ. ನೀರಿಗಾಗಿ ಆ ತಾಯಿ ಎರಡು ಗುಡ್ಡಗಳ ನಡುವೆ ಏಳು ಸಲ ಹೋಗಿ ಬಂದು ಮಾಡಿದಳು. ಆಮೇಲೆ ಜಮ್‌ಜಮ್ ನೀರು ಚಿಮ್ಮಿತು. ಇವತ್ತು ರಾಜನೇ ಬರಲಿ, ಬಡವನೇ ಬರಲಿ, ಆ ತಾಯಿ ನಡೆದ ದಾರಿಯಲ್ಲೇ ನಡೆಯಬೇಕು. ಹೆಂಗಸು ಒಬ್ಬಳೇ ಏನು ಮಾಡ್ತಾಳೆ ಅನ್ನುವವರು ಇದನ್ನು ನೆನೆಯಲಿ.

ಹಣ ಕೊಡುವ ಮುಂಚೆ

ಸರ್ಕಾರದ ಹಜ್ ಸಮಿತಿ ಹಜ್ ಯಾತ್ರೆಗೆ ಕಳಿಸುತ್ತದೆ. ಉಮ್ರಾಕ್ಕೆ ನಾವು ಸಾಮಾನ್ಯವಾಗಿ ಖಾಸಗಿ ಟ್ರಾವೆಲ್ಸ್‌ನವರ ಮೂಲಕ ಹೋಗುತ್ತೇವೆ. ಒಳ್ಳೆಯವರೂ ಇದ್ದಾರೆ. ಅಡ್ವಾನ್ಸ್ ತೆಗೆದುಕೊಂಡು ಮಾಯವಾಗುವವರೂ ಇದ್ದಾರೆ. ಬಹಳ ಅಗ್ಗ ಅಂದರೆ ಅಲ್ಲೇ ಅನುಮಾನ ಪಡಬೇಕು.

ಹಣ ಕೊಡುವ ಮುಂಚೆ ಈ ಮಾತುಗಳನ್ನು ಕಾಗದದ ಮೇಲೆ ಬರೆಸಿಕೊಳ್ಳೋಣ.

ಮಕ್ಕಾದಲ್ಲಿ ಎಷ್ಟು ದಿನ? ಮದೀನಾದಲ್ಲಿ ಎಷ್ಟು ದಿನ?
ಹೋಟೆಲಿನ ಹೆಸರೇನು? ಮಸೀದಿಯಿಂದ ಎಷ್ಟು ದೂರ?
ಒಂದು ಕೋಣೆಯಲ್ಲಿ ಎಷ್ಟು ಜನ?
ಊಟ ಸೇರಿದೆಯೆ? ವೀಸಾ ಖರ್ಚು ಸೇರಿದೆಯೆ?
ಹಿಂತಿರುಗುವ ಟಿಕೆಟ್ ಇದೆಯೆ? ಯಾವ ತಾರೀಕು?
ಯಾತ್ರೆ ನಿಂತುಹೋದರೆ ಎಷ್ಟು ಹಣ ವಾಪಸು?

"ಹತ್ತಿರದಲ್ಲೇ ಹೋಟೆಲ್" ಎಂದು ಬಾಯಲ್ಲಿ ಹೇಳಿದರೆ ಸಾಲದು. ಎಷ್ಟು ಮೀಟರು ಅಂತ ಬರೆದು ಕೊಡಲಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಕೇಳೋಣ. ರಸೀದಿಯಲ್ಲಿ ಮೊತ್ತ, ತಾರೀಕು, ಸಹಿ ಇದೆಯೇ ಅಂತ ನಾವೇ ಓದಿ ನೋಡೋಣ. ಓದದೆ ರುಜು ಹಾಕುವುದು ಬೇಡ. "ಎಲ್ಲಾ ಸರಿ ಇದೆ, ಹಾಕಮ್ಮ" ಅಂದರೂ ಬೇಡ. ಅರ್ಥವಾಗದಿದ್ದರೆ ಮನೆಗೆ ತಂದು ತಿಳಿದವರಿಗೆ ತೋರಿಸೋಣ.

ನಮ್ಮ ಕಾಗದ, ನಮ್ಮ ಕೈಯಲ್ಲಿ

ಮೊದಲ ಕಾಗದ ಪಾಸ್‌ಪೋರ್ಟ್. ಅರ್ಜಿಯಲ್ಲಿ ಹೆಬ್ಬೆಟ್ಟು ಒತ್ತಬಹುದು, ರುಜುವನ್ನೂ ಹಾಕಬಹುದು. ನಾವು ರುಜು ಹಾಕೋಣ. ಕಲಿತದ್ದು ಅದಕ್ಕೇ ಅಲ್ಲವೆ?

ಪಾಸ್‌ಪೋರ್ಟಿನಲ್ಲಿ ಮೂರು ವಿಷಯ ನೋಡಬೇಕು. ಒಂದು, ಹೆಸರು. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಹೆಸರು ಇದ್ದರೆ ತೊಂದರೆ. ಟಿಕೆಟಿನ ಹೆಸರೂ ಪಾಸ್‌ಪೋರ್ಟಿನ ಹಾಗೆಯೇ ಇರಬೇಕು. ಅದಕ್ಕಾಗಿ ನಮ್ಮ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೂ ಗುರುತು ಹಿಡಿಯಲು ಕಲಿಯೋಣ. ಎರಡು, ನಂಬರ್. ಮೊದಲು ಒಂದು ಇಂಗ್ಲಿಷ್ ಅಕ್ಷರ, ಆಮೇಲೆ ಏಳು ಅಂಕಿ. ಮೂರು, ಅವಧಿ ಮುಗಿಯುವ ತಾರೀಕು. ನಾವು ಹೋಗುವ ದಿನದಿಂದ ಇನ್ನೂ 6 ತಿಂಗಳಾದರೂ ಅವಧಿ ಉಳಿದಿರಬೇಕು.

ಪಾಸ್‌ಪೋರ್ಟ್, ವೀಸಾ, ಟಿಕೆಟ್ ಎಲ್ಲಕ್ಕೂ ಎರಡೆರಡು ಜೆರಾಕ್ಸ್ ಮಾಡಿಸೋಣ. ಒಂದು ಮನೆಯಲ್ಲಿರಲಿ. ಒಂದು ನಮ್ಮ ಚೀಲದಲ್ಲಿರಲಿ.

ಮೊದಲು ಉಮ್ರಾಕ್ಕೆ ಹೋಗುವ ಹೆಂಗಸಿನ ಜೊತೆ ಮೆಹರಮ್ ಇರಬೇಕಿತ್ತು. ಅಂದರೆ ಗಂಡ, ತಂದೆ, ಅಣ್ಣತಮ್ಮ, ಮಗ ಇಂಥವರು. ಮೆಹರಮ್ ಇಲ್ಲದೆಯೂ ಹೆಂಗಸರು ಬರಬಹುದು ಎಂದು ಸೌದಿ ಸರ್ಕಾರ 2022ರಲ್ಲಿ ಹೇಳಿತು. ಇದು ಸರ್ಕಾರದ ಮಾತಾಯಿತು. ಧರ್ಮದ ಮಾತಿನಲ್ಲಿ ಆಲಿಮರಲ್ಲಿ ಬೇರೆ ಬೇರೆ ಅಭಿಪ್ರಾಯ ಇದೆ. ನಮ್ಮ ಊರಿನ ಆಲಿಮರನ್ನು ಕೇಳಿ ತಿಳಿಯೋಣ.

ಮೈಯನ್ನೂ ತಯಾರು ಮಾಡೋಣ

ಸಫಾದಿಂದ ಮರ್ವಾಕ್ಕೆ ಸುಮಾರು 450 ಮೀಟರ್. ಏಳು ಸಲ ಅಂದರೆ 3 ಕಿಲೋಮೀಟರಿಗೂ ಹೆಚ್ಚು. ಅದಕ್ಕೆ ಮುಂಚೆ ತವಾಫ್‌ನ ಏಳು ಸುತ್ತು. ಮಂಡಿ ನೋವು ಇದ್ದವರಿಗೆ ಇದು ಕಷ್ಟ. ಹೊರಡುವುದಕ್ಕೆ ಎರಡು ತಿಂಗಳು ಮೊದಲೇ ದಿನಾ ಸ್ವಲ್ಪ ನಡೆದು ರೂಢಿ ಮಾಡಿಕೊಳ್ಳೋಣ. ನಡೆಯಲು ಆಗದವರಿಗೆ ಅಲ್ಲಿ ಗಾಲಿಕುರ್ಚಿ ಸಿಗುತ್ತದೆ. ಅದರಲ್ಲಿ ಕೂತು ಮಾಡಲು ನಾಚಿಕೆ ಬೇಡ.

ಮಿದುಳಿನ ಪೊರೆಯ ಜ್ವರಕ್ಕೆ ಒಂದು ಲಸಿಕೆ ಇದೆ. ಅದಕ್ಕೆ ಮೆನಿಂಜೈಟಿಸ್ ಲಸಿಕೆ ಅನ್ನುತ್ತಾರೆ. ಹೋಗುವುದಕ್ಕೆ 10 ದಿನ ಮೊದಲೇ ಹಾಕಿಸಿಕೊಂಡು ಚೀಟಿ ಜೋಪಾನ ಮಾಡಬೇಕು. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರು ಡಾಕ್ಟರಿಗೆ ತೋರಿಸಿಕೊಂಡೇ ಹೊರಡಬೇಕು. ಅಲ್ಲಿ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಾಯಾರುವ ಮೊದಲೇ ನೀರು ಕುಡಿಯಬೇಕು.

ಚೀಲದಲ್ಲಿ ಏನು ಇರಲಿ, ಏನು ಬೇಡ

ಹತ್ತಿಯ ಸಡಿಲ ಬಟ್ಟೆ ಇರಲಿ. ಸವೆದು ಒಗ್ಗಿದ ಚಪ್ಪಲಿ ಇರಲಿ. ಚಪ್ಪಲಿ ಹಾಕಲು ಒಂದು ಬಟ್ಟೆಯ ಚೀಲ ಇರಲಿ. ವಾಸನೆ ಇಲ್ಲದ ಸಾಬೂನು, ಚಿಕ್ಕ ಕತ್ತರಿ, ಮುಟ್ಟಿನ ಪ್ಯಾಡ್ ಇರಲಿ. ಕತ್ತರಿಯನ್ನು ಕೈಚೀಲದಲ್ಲಿ ಇಡಬೇಡಿ. ವಿಮಾನದಲ್ಲಿ ಬಿಡುವುದಿಲ್ಲ. ಮಾತ್ರೆಗಳು ಅಂಗಡಿಯ ಪೊಟ್ಟಣದಲ್ಲೇ ಇರಲಿ. ಜೊತೆಗೆ ಡಾಕ್ಟರ ಚೀಟಿ ಇರಲಿ.

ಗಸಗಸೆ ಬೇಡವೇ ಬೇಡ. ನಮಗೆ ಅದು ಪಾಯಸದ ಸಾಮಾನು. ಸೌದಿಯಲ್ಲಿ ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸಿದ್ದಾರೆ. ಮಸಾಲೆ ಪುಡಿಯಲ್ಲಿ ಸೇರಿದ್ದರೂ ತೊಂದರೆಯೇ. ಹಾಗೆಯೇ ಬೇರೆಯವರು ಕೊಟ್ಟ ಗಂಟು ಒಯ್ಯಬೇಡಿ. "ಅಲ್ಲಿ ನಮ್ಮ ಹುಡುಗ ಬಂದು ತಗೋತಾನೆ" ಅಂತಾರೆ. ಒಳಗೆ ಏನಿದೆಯೋ ನಮಗೆ ಗೊತ್ತಿಲ್ಲ. ಸಿಕ್ಕಿಬಿದ್ದರೆ ಜೈಲು ನಮಗೇ.

ಇಹ್ರಾಮ್

ಗಂಡಸರಿಗೆ ಹೊಲಿಗೆ ಇಲ್ಲದ ಎರಡು ಬಿಳಿ ಬಟ್ಟೆ. ಹೆಂಗಸರಿಗೆ ಬೇರೆ ಉಡುಪು ಇಲ್ಲ. ಮೈ ಮುಚ್ಚುವ ನಮ್ಮ ಮಾಮೂಲಿ ಬಟ್ಟೆಯೇ ಸಾಕು. ಬಿಳಿಯೇ ಆಗಬೇಕೆಂದೂ ಇಲ್ಲ. ಆದರೆ ಇಹ್ರಾಮ್‌ನಲ್ಲಿ ನಕಾಬು ಕಟ್ಟುವಂತಿಲ್ಲ. ಕೈಗವಸು ಹಾಕುವಂತಿಲ್ಲ. ಅತ್ತರು ಹಚ್ಚಬಾರದು. ಉಗುರು, ಕೂದಲು ತೆಗೆಯಬಾರದು. ಜಗಳ ಆಡಬಾರದು. ಉಗುರು ಕತ್ತರಿಸಿ ಸ್ನಾನ ಮಾಡುವುದೆಲ್ಲ ಮೊದಲೇ ಮುಗಿಯಬೇಕು.

ಇಹ್ರಾಮ್ ಇಲ್ಲದೆ ದಾಟಬಾರದ ಗಡಿಗೆ ಮೀಕಾತ್ ಅನ್ನುತ್ತಾರೆ. ನೇರವಾಗಿ ಜಿದ್ದಾಕ್ಕೆ ಹೋಗುವ ವಿಮಾನ ಆಕಾಶದಲ್ಲೇ ಈ ಗಡಿ ದಾಟುತ್ತದೆ. ಹಾಗಾಗಿ ಮನೆಯಿಂದಲೇ ತಯಾರಾಗಿ ಹೊರಡಬೇಕು. ಮೊದಲು ಮದೀನಾಕ್ಕೆ ಹೋಗುವವರು ಅಲ್ಲಿಂದ ಮಕ್ಕಾಕ್ಕೆ ಹೊರಟಾಗ ಜುಲ್ ಹುಲೈಫಾ ಎಂಬಲ್ಲಿ ಇಹ್ರಾಮ್ ಮಾಡುತ್ತಾರೆ. ಆಮೇಲೆ ಲಬ್ಬೈಕ್ ಹೇಳುತ್ತಾ ಸಾಗುವುದು. ಹೆಂಗಸರು ಮೆಲುದನಿಯಲ್ಲಿ ಹೇಳಬೇಕು.

ಮುಟ್ಟು ಬಂದರೆ?

ಇದನ್ನು ಕೇಳಲು ನಮಗೆ ನಾಚಿಕೆ. ಆದರೆ ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ ಇದೇ. "ಇಷ್ಟು ಖರ್ಚು ಮಾಡಿ ಹೋಗಿ, ಅಲ್ಲೇ ಮುಟ್ಟಾದರೆ ಎಲ್ಲಾ ಹಾಳಾಯಿತಲ್ಲ?"

ಹಾಳಾಗುವುದಿಲ್ಲ. ಮುಟ್ಟಿನಲ್ಲೂ ಇಹ್ರಾಮ್‌ನ ನಿಯ್ಯತ್ ಮಾಡಬಹುದು. ಲಬ್ಬೈಕ್ ಹೇಳಬಹುದು. ದುವಾ ಮಾಡಬಹುದು. ನಮಾಜ್ ಮತ್ತು ತವಾಫ್ ಮಾಡುವಂತಿಲ್ಲ, ಅಷ್ಟೆ. ಮುಟ್ಟು ನಿಂತ ಮೇಲೆ ಸ್ನಾನ ಮಾಡಿ ತವಾಫ್, ಆಮೇಲೆ ಸಯೀ ಮಾಡಬೇಕು. ಅಲ್ಲಿಯವರೆಗೆ ಇಹ್ರಾಮ್ ಬಿಡುವಂತಿಲ್ಲ. ಪೈಗಂಬರರ ಮಡದಿ ಹಜ್ರತ್ ಆಯಿಷಾ ಅವರಿಗೂ ಹಜ್ ದಾರಿಯಲ್ಲಿ ಮುಟ್ಟಾಗಿತ್ತು. ಅವರು ಅತ್ತಾಗ ಪೈಗಂಬರರು ಸಮಾಧಾನ ಹೇಳಿದರು. ತವಾಫ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡು ಎಂದರು. ಆಮೇಲೆ ಅವರು ತನಯೀಮ್ ಎಂಬಲ್ಲಿಂದ ಇಹ್ರಾಮ್ ಮಾಡಿ ಉಮ್ರಾ ಮಾಡಿದರು. ಅಲ್ಲಿ ಇಂದಿಗೂ ಅವರ ಹೆಸರಿನ ಮಸೀದಿ ಇದೆ.

ಆದ್ದರಿಂದ ನಮ್ಮ ತಿಂಗಳ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಯಾತ್ರೆಯ ತಾರೀಕು ಆರಿಸೋಣ. ಮುಟ್ಟು ಮುಂದೂಡುವ ಮಾತ್ರೆಯನ್ನು ಅಕ್ಕಪಕ್ಕದವರ ಮಾತು ಕೇಳಿ ನುಂಗಬೇಡಿ. ಕೆಲವರಿಗೆ ಅದರಿಂದ ಅಪಾಯ ಇದೆ. ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಏಳರ ಲೆಕ್ಕ

ತವಾಫ್‌ಗೆ ವುಜೂ ಬೇಕು. ಕರಿಕಲ್ಲಿನ ಮೂಲೆಯಿಂದ ಶುರು. ಅಲ್ಲಿ ಗುರುತಿಗೆ ಹಸಿರು ದೀಪ ಇದೆ. ಕಾಬಾ ಯಾವಾಗಲೂ ನಮ್ಮ ಎಡಕ್ಕೆ ಇರಬೇಕು. ಕರಿಕಲ್ಲಿಗೆ ಮುತ್ತಿಡಲು ನೂಕುನುಗ್ಗಲಿಗೆ ಬೀಳಬೇಡಿ. ದೂರದಿಂದ ಕೈ ಸನ್ನೆ ಮಾಡಿದರೆ ಸಾಕು. ಎಣಿಕೆ ತಪ್ಪದಿರಲು ಏಳು ಮಣಿಯ ದಾರ ಇಟ್ಟುಕೊಳ್ಳಬಹುದು.

ಸಯೀ ಲೆಕ್ಕ ಹೀಗೆ. ಸಫಾದಿಂದ ಮರ್ವಾಕ್ಕೆ ಹೋದರೆ ಒಂದು. ಮರ್ವಾದಿಂದ ಸಫಾಕ್ಕೆ ಬಂದರೆ ಎರಡು. ಏಳನೆಯದು ಮರ್ವಾದಲ್ಲೇ ಮುಗಿಯಬೇಕು. ಸಫಾದಲ್ಲಿ ಮುಗಿಯಿತು ಅಂದರೆ ಎಣಿಕೆ ತಪ್ಪಿದೆ ಎಂದು ತಿಳಿಯಿರಿ. ನಡುವೆ ಹಸಿರು ದೀಪ ಇರುವಲ್ಲಿ ಗಂಡಸರು ಓಡುತ್ತಾರೆ. ಹೆಂಗಸರು ನಡೆದರೆ ಸಾಕು.

ದಾರಿ ತಪ್ಪಿದರೆ

ಅಲ್ಲಿ ಲಕ್ಷಗಟ್ಟಲೆ ಜನ. ದಾರಿ ತಪ್ಪುವುದು ಸಹಜ. ಹೋಟೆಲಿನ ಕಾರ್ಡು ಸದಾ ಕೊರಳ ಚೀಲದಲ್ಲಿರಲಿ. ಗುಂಪಿನ ಮುಖಂಡರ ಫೋನ್ ನಂಬರನ್ನು ಕಾಗದದಲ್ಲೂ ಬರೆದಿಡಿ. ಮೊಬೈಲಿನ ಚಾರ್ಜು ಮುಗಿದರೂ ಕಾಗದ ಇರುತ್ತದೆ.

ಮಸೀದಿಯ ಬಾಗಿಲುಗಳಿಗೆ ನಂಬರ್ ಇದೆ. ರಾಜ ಅಬ್ದುಲ್ ಅಜೀಜ್ ಬಾಗಿಲು 1. ರಾಜ ಫಹದ್ ಬಾಗಿಲು 79. ಒಳಗೆ ಹೋಗುವಾಗಲೇ ನಂಬರ್ ಓದಿ ಬರೆದುಕೊಳ್ಳಬೇಕು. "ತಪ್ಪಿಸಿಕೊಂಡರೆ ಇದೇ ಬಾಗಿಲಲ್ಲಿ ಸೇರೋಣ" ಅಂತ ಮೊದಲೇ ಮಾತಾಡಿಕೊಳ್ಳಬೇಕು.

ಕುರ್‌ಆನ್ ಓದುವವರಿಗೆ ಅರಬ್ಬಿ ಅಕ್ಷರದ ಪರಿಚಯ ಇರುತ್ತದೆ. ಅರಬ್ಬಿ ಅಂಕಿಯಲ್ಲಿ ಮಾತ್ರ ಎಚ್ಚರ ಇರಲಿ. ಅಲ್ಲಿಯ ಐದು ನಮ್ಮ ಸೊನ್ನೆಯ ಹಾಗೆ ದುಂಡಗೆ ಇರುತ್ತದೆ. ಅಲ್ಲಿಯ ಸೊನ್ನೆ ಬರೀ ಒಂದು ಚುಕ್ಕೆ. ಇದು ಗೊತ್ತಿದ್ದರೆ ಅಂಗಡಿಯಲ್ಲೂ ಮೋಸ ಹೋಗುವುದಿಲ್ಲ.

ಒಂದು ನೋಟ್‌ಬುಕ್

ಹೊರಡುವ ಮುಂಚೆ ನಮ್ಮಲ್ಲಿ ಎಲ್ಲರ ಹತ್ತಿರ ಮಾಫಿ ಕೇಳುವ ರೂಢಿ ಇದೆ. ಅದರ ಜೊತೆಗೆ ಲೆಕ್ಕವನ್ನೂ ಬರೆಯೋಣ. ನಾವು ಯಾರಿಗೆ ಎಷ್ಟು ಕೊಡಬೇಕು? ನಮಗೆ ಯಾರಿಂದ ಎಷ್ಟು ಬರಬೇಕು? ಯಾರ ಒಡವೆ ನಮ್ಮ ಹತ್ತಿರ ಇದೆ? ಬರೆದು ಮನೆಯವರಿಗೆ ತಿಳಿಸೋಣ. ತೀರಿಸುವ ಸಾಲ ತೀರಿಸೋಣ.

ಇನ್ನೊಂದು ಹಾಳೆ ಬಿಟ್ಟುಕೊಳ್ಳೋಣ. ನಾವು ಹೊರಟಿದ್ದು ಗೊತ್ತಾದ ಕೂಡಲೆ ಓಣಿಯವರೆಲ್ಲ ಬರುತ್ತಾರೆ. "ಆಪಾ, ನನ್ನ ಮಗಳ ಮದುವೆಗೆ ದುವಾ ಮಾಡಿ." "ಅಕ್ಕಾ, ನಮ್ಮೆಜಮಾನರ ಕಾಯಿಲೆಗೆ ಒಂದು ಮಾತು ಕೇಳಿಕೊಳ್ಳಿ." ಎಲ್ಲರ ಹೆಸರೂ ನೆನಪಿರುವುದಿಲ್ಲ. ಬರೆದುಕೊಳ್ಳೋಣ. ಕಾಬಾದ ಎದುರು ಕೂತು ಒಂದೊಂದೇ ಹೆಸರು ಓದೋಣ.

ಮಾಡಿ ನೋಡಿ

1. ಪಾಸ್‌ಪೋರ್ಟಿನ ಅವಧಿ 10-3-2027ಕ್ಕೆ ಮುಗಿಯುತ್ತದೆ. ಯಾತ್ರೆ 15-12-2026ಕ್ಕೆ. ಈ ಪಾಸ್‌ಪೋರ್ಟ್ ನಡೆಯುತ್ತದೆಯೆ?
2. ಸೌದಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿ ಬೆಳಿಗ್ಗೆ 8 ಗಂಟೆ ಆದರೆ ಅಲ್ಲಿ ಎಷ್ಟು ಗಂಟೆ?
3. ಸಯೀಯಲ್ಲಿ ಐದನೆಯ ಸಲ ಮುಗಿದಾಗ ನಾವು ಎಲ್ಲಿರುತ್ತೇವೆ? ಸಫಾದಲ್ಲೋ, ಮರ್ವಾದಲ್ಲೋ?
4. ಟ್ರಾವೆಲ್ಸ್‌ನವರನ್ನು ಕೇಳಬೇಕಾದ ಪ್ರಶ್ನೆಗಳನ್ನು ನಿಮ್ಮ ಕೈಯಾರೆ ಬರೆಯಿರಿ.
5. ನಿಮ್ಮ ಓಣಿಯಲ್ಲಿ ಉಮ್ರಾ ಮಾಡಿ ಬಂದವರನ್ನು ಕಲಿಕಾ ಕೇಂದ್ರಕ್ಕೆ ಕರೆಯಿರಿ. ಅವರ ಅನುಭವ ಕೇಳಿ, ಚರ್ಚೆ ಮಾಡಿ.