ಗರ್ಭಕಂಠದ ಕ್ಯಾನ್ಸರ್ ಲಸಿಕೆ: ಯಾರಿಗೆ, ಯಾವಾಗ, ಪಂಚಾಯಿತಿಯ ಹೊಣೆ ಏನು?

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಪೀಠಿಕೆ

ಮೋಕ ಹೋಬಳಿಯ ಗ್ರಾಮಗಳಲ್ಲಿ ಮೆಣಸಿನಕಾಯಿ ಮತ್ತು ಹತ್ತಿ ಬಿಡಿಸುವ ಕಾಲ ಬಂದಾಗ ಶಾಲೆಯ ಹಾಜರಿ ಪುಸ್ತಕದಲ್ಲಿ ಕೆಲವು ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರುಹಾಜರಿ ಹೆಚ್ಚುತ್ತದೆ. ಕೆಲವರು ಮರಳಿ ಶಾಲೆಗೆ ಬರುವುದೇ ಇಲ್ಲ. ಶಾಲೆಯಲ್ಲಿ ಲಸಿಕೆ ಹಾಕುವ ದಿನ ಈ ಬಾಲಕಿಯರು ಹೊಲದಲ್ಲಿರುತ್ತಾರೆ. ಲಸಿಕೆಯ ಅಗತ್ಯ ಅತಿ ಹೆಚ್ಚಾಗಿರುವವರೂ ಇವರೇ. ಇವರನ್ನು ಗುರುತಿಸುವ ಬಗೆಯನ್ನು ತಿಳಿಸುವುದು ಈ ಪಾಠದ ಉದ್ದೇಶ.

ರೋಗ ಮತ್ತು ಕಾರಣ

ಗರ್ಭಕೋಶದ ಬಾಯಿಯ ಭಾಗಕ್ಕೆ ಗರ್ಭಕಂಠವೆಂದು ಹೆಸರು. ಅಲ್ಲಿ ಉಂಟಾಗುವ ಕ್ಯಾನ್ಸರಿಗೆ ಬಹುತೇಕ ಎಲ್ಲ ಪ್ರಕರಣಗಳಲ್ಲಿಯೂ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ ಎಂಬ ವೈರಾಣುವೇ ಮೂಲ. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಈ ವೈರಾಣುವಿನ 16 ಮತ್ತು 18ನೇ ಬಗೆಗಳು ಸುಮಾರು ಶೇ. 70ರಷ್ಟು ಪ್ರಕರಣಗಳಿಗೆ ಕಾರಣವಾಗಿವೆ.

ವೈರಾಣು ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಹೆಚ್ಚಿನವರಲ್ಲಿ ಅದು ತಾನಾಗಿಯೇ ನಶಿಸುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು ಸಾಮಾನ್ಯವಾಗಿ 15ರಿಂದ 20 ವರ್ಷಗಳ ನಂತರ ಕ್ಯಾನ್ಸರಾಗಿ ಬೆಳೆಯುತ್ತದೆ. ಸಂಸಾರಸ್ಥ ಮಹಿಳೆಯರಲ್ಲಿ ಯಾರಿಗಾದರೂ ಇದು ತಗುಲಬಹುದು. ಆದ್ದರಿಂದ ರೋಗಿಯ ನಡತೆಯನ್ನು ಶಂಕಿಸುವುದು ಅನ್ಯಾಯ. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಆ ಒಂದೇ ವರ್ಷದಲ್ಲಿ ಭಾರತದ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ರೋಗ ಕಾಣಿಸಿಕೊಂಡಿತು. ಸುಮಾರು 80 ಸಾವಿರ ಮಂದಿ ಮೃತಪಟ್ಟರು.

ಯಾರು ಪಡೆಯಬೇಕು?

1. 9ರಿಂದ 14 ವರ್ಷದ ಬಾಲಕಿಯರು: ಇವರಿಗೆ ಮೊದಲ ಆದ್ಯತೆ. ಲಸಿಕೆಯು ಸೋಂಕನ್ನು ತಡೆಯುತ್ತದೆಯೇ ಹೊರತು ತಗುಲಿದ ಸೋಂಕನ್ನು ಗುಣಪಡಿಸುವುದಿಲ್ಲ. ಆದ್ದರಿಂದ ವೈವಾಹಿಕ ಜೀವನ ಆರಂಭವಾಗುವುದಕ್ಕೆ ಬಹಳ ಮುಂಚೆಯೇ ಅದನ್ನು ಪಡೆದಿರಬೇಕು. ಎಳೆಯ ವಯಸ್ಸಿನಲ್ಲಿ ದೇಹವು ಹೆಚ್ಚಿನ ರೋಗನಿರೋಧಕ ಶಕ್ತಿಯನ್ನೂ ಬೆಳೆಸಿಕೊಳ್ಳುತ್ತದೆ. ಈ ವಯಸ್ಸಿಗೆ ಒಂದು ಅಥವಾ ಎರಡು ಡೋಸ್ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಡಿಸೆಂಬರಿನಲ್ಲಿ ತಿಳಿಸಿತು.

2. 15ರಿಂದ 26 ವರ್ಷದವರು: ಹಿಂದೆ ಪಡೆಯದಿದ್ದರೆ ವೈದ್ಯರ ಸಲಹೆಯಂತೆ ಪಡೆಯಬಹುದು. ವಯಸ್ಸು ಹೆಚ್ಚಿದಂತೆ ಪ್ರಯೋಜನ ಕಡಿಮೆಯಾಗುತ್ತದೆ.

3. ಎಚ್‌ಐವಿ ಮುಂತಾದ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಂದಿದವರು: ಇವರಿಗೆ ಹೆಚ್ಚಿನ ಡೋಸ್ ಅಗತ್ಯ.

4. 30 ವರ್ಷ ಮೀರಿದ ಮಹಿಳೆಯರು: ಇವರಿಗೆ ಮುಖ್ಯವಾದುದು ತಪಾಸಣೆ. ರಾಷ್ಟ್ರೀಯ ಕಾರ್ಯಕ್ರಮದಡಿ ಐದು ವರ್ಷಗಳಿಗೊಮ್ಮೆ ಗರ್ಭಕಂಠದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಲಸಿಕೆ ಪಡೆದವರಿಗೂ ಮುಂದೆ ಈ ಪರೀಕ್ಷೆ ತಪ್ಪದು. ಮುಟ್ಟು ನಿಂತ ಮೇಲೆ ರಕ್ತಸ್ರಾವ ಅಥವಾ ದುರ್ವಾಸನೆಯ ಬಿಳಿಸೆರಗು ಕಂಡುಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಗರ್ಭಿಣಿಯರಿಗೆ ಲಸಿಕೆ ನೀಡುವುದಿಲ್ಲ. ಜ್ವರ ತೀವ್ರವಾಗಿರುವವರಿಗೆ ಮುಂದೂಡಲಾಗುತ್ತದೆ. ಹಿಂದಿನ ಡೋಸಿನಿಂದ ತೀವ್ರ ಅಲರ್ಜಿಯಾಗಿದ್ದರೆ ಮತ್ತೆ ಹಾಕಿಸಬಾರದು. ಸೂಜಿ ಚುಚ್ಚಿದ ಜಾಗದ ನೋವು, ಸಣ್ಣ ಜ್ವರ, ತಲೆಸುತ್ತು ಸಾಮಾನ್ಯ. ಆದ್ದರಿಂದ ಅರ್ಧ ಗಂಟೆ ಕುಳ್ಳಿರಿಸಿ ನೋಡಿಕೊಳ್ಳಬೇಕು. ಲಸಿಕೆಯಿಂದ ಬಂಜೆತನ ಬರುತ್ತದೆಂಬ ಮಾತಿಗೆ ಆಧಾರವಿಲ್ಲ.

ಖಮ್ಮಂ ಕಲಿಸಿದ ಪಾಠ

2009ರಲ್ಲಿ ಅಂದಿನ ಅವಿಭಜಿತ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಹಾಗೂ ಗುಜರಾತಿನ ವಡೋದರದಲ್ಲಿ ಈ ಲಸಿಕೆಯ ಪ್ರಾಯೋಗಿಕ ಯೋಜನೆ ನಡೆಯಿತು. ಏಳು ಬಾಲಕಿಯರು ಮೃತಪಟ್ಟ ಸುದ್ದಿಯ ನಂತರ 2010ರಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಂಡುಬರಲಿಲ್ಲವೆಂದು ತನಿಖಾ ಸಮಿತಿ ವರದಿ ಮಾಡಿತು. ಆದರೆ ಅನೇಕ ಬಾಲಕಿಯರ ಸಮ್ಮತಿ ಪತ್ರಗಳಿಗೆ ಪೋಷಕರ ಬದಲು ಹಾಸ್ಟೆಲ್ ವಾರ್ಡನ್ನರು ಸಹಿ ಮಾಡಿದ್ದುದು ಗಂಭೀರ ಲೋಪವೆಂದು ಪರಿಗಣಿತವಾಯಿತು. ಗಡಿಭಾಗದ ಮೋಕದಲ್ಲಿ ಹಲವು ಮನೆಗಳಿಗೆ ಆಂಧ್ರದ ಬಂಧುತ್ವವಿದ್ದು, ಇಂಥ ಸುದ್ದಿಗಳು ಬೇಗ ತಲುಪುತ್ತವೆ. ತಾಯಿ ಪ್ರಶ್ನೆ ಕೇಳಿದರೆ ಅದನ್ನು ವಿರೋಧವೆಂದು ಭಾವಿಸಬಾರದು. ಉತ್ತರ ಪಡೆದು ತಾನೇ ಒಪ್ಪಿದ ತಾಯಿ ಪಕ್ಕದ ಮನೆಯವರನ್ನೂ ಒಪ್ಪಿಸಬಲ್ಲಳು.

ಪಂಚಾಯಿತಿಯ ಕರ್ತವ್ಯ

2025–26ನೇ ಸಾಲಿನ ರಾಜ್ಯ ಆಯವ್ಯಯದಲ್ಲಿ ಗಣಿಬಾಧಿತ ಪ್ರದೇಶ ಮತ್ತು ಕಲ್ಯಾಣ ಕರ್ನಾಟಕದ ಹದಿಹರೆಯದ ಹೆಣ್ಣುಮಕ್ಕಳಿಗೆ ಈ ಲಸಿಕೆ ನೀಡುವ ಕಾರ್ಯಕ್ರಮ ಘೋಷಣೆಯಾಯಿತು. ಲಸಿಕೆ ಹಾಕುವುದು ಆರೋಗ್ಯ ಇಲಾಖೆಯ ಕೆಲಸ. ಯಾರೂ ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಪಂಚಾಯಿತಿಯ ಕೆಲಸ.

ಇದಕ್ಕೆ ಎರಡು ಪಟ್ಟಿಗಳು ಬೇಕು. ಒಂದು ಶಾಲೆಯ ದಾಖಲಾತಿ. ಇನ್ನೊಂದು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮನೆಮನೆ ಸಮೀಕ್ಷೆ. ಉದಾಹರಣೆಗೆ, ಶಾಲೆಯ ಪಟ್ಟಿಯಲ್ಲಿ 14 ವರ್ಷದ 40 ಬಾಲಕಿಯರಿದ್ದು ಸಮೀಕ್ಷೆಯಲ್ಲಿ 46 ಮಂದಿ ಕಂಡುಬಂದರೆ, 40 ಮಂದಿಗೂ ಲಸಿಕೆಯಾದ ಶಾಲೆಯ ವರದಿ ಶೇ. 100 ಎಂದೇ ತೋರಿಸುತ್ತದೆ. ಉಳಿದ ಆರು ಮಂದಿ ಯಾವ ವರದಿಯಲ್ಲಿಯೂ ಇರುವುದಿಲ್ಲ. ಆ ಆರು ಹೆಸರುಗಳನ್ನು ಬಲ್ಲವರು ವಾರ್ಡಿನ ಸದಸ್ಯರು ಮಾತ್ರ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ಈ ಪಟ್ಟಿಗಳನ್ನು ಹೋಲಿಸಿ, ಬಿಟ್ಟುಹೋದವರಿಗೆ ಕೂಲಿಗೆ ತೊಂದರೆಯಾಗದ ದಿನವನ್ನು ಆರೋಗ್ಯ ಸಿಬ್ಬಂದಿಯೊಡನೆ ನಿಗದಿಪಡಿಸತಕ್ಕದ್ದು. ಮಹಿಳಾ ಗ್ರಾಮಸಭೆಯಲ್ಲಿ ವೈದ್ಯರಿಂದಲೇ ವಿವರಣೆ ಕೊಡಿಸುವುದು ಸೂಕ್ತ.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ವಾರ್ಡಿನಲ್ಲಿ 9ರಿಂದ 14 ವರ್ಷದ ಬಾಲಕಿಯರೆಷ್ಟು? ಅವರಲ್ಲಿ ಶಾಲೆ ಬಿಟ್ಟವರು ಯಾರು?

2. ಸುಗ್ಗಿಗೆ ಅಥವಾ ಗುಳೆ ಹೋದ ಕುಟುಂಬಗಳು ಯಾವಾಗ ಮರಳುತ್ತವೆ?

3. ಪೋಷಕರು ಕೇಳುವ ಪ್ರಶ್ನೆಗಳಿಗೆ ಉತ್ತರಿಸುವವರು ಯಾರು, ಎಲ್ಲಿ?